ಕರಿದ ಎಣ್ಣೆಯ ಪಾಪ ಗಾಡಿಯವನ ತಲೆಗೇಕೆ?

ವರ್ಷಕ್ಕೆ ಒಂದೆರಡು ಬಾರಿ ನಮ್ಮ ಅಧಿಕಾರಿ ಮಹಾಶಯರಿಗೆ ಜನತೆಯ ಆರೋಗ್ಯದ ನೆನಪು ಬರುತ್ತದೆ. ನೆನಪು ಬಂದ ದಿನ ಜೀಪು ಹೊರಡುತ್ತದೆ. ಹೊರಟ ಜೀಪು ನಿಲ್ಲುವುದೆಲ್ಲಿ? ಗುಡ್ಡದ ಮೇಲಿನ ರಿಸಾರ್ಟಿನ ಗೇಟಿನ ಮುಂದಲ್ಲ. ಬಸ್ಸು ನಿಲ್ದಾಣದ ಬದಿಯ ವಡೆ ಬಜ್ಜಿ ಗಾಡಿಯ ಮುಂದೆ. ಬಾಣಲೆಯ ಎಣ್ಣೆ ಕಪ್ಪಾಗಿದೆಯೆಂದು ಗದರಿಸುತ್ತಾರೆ, ದಂಡದ ಚೀಟಿ ಹರಿಯುತ್ತಾರೆ, ಎಣ್ಣೆಯನ್ನು ಅಲ್ಲೇ ಚರಂಡಿಗೆ ಸುರಿಸುತ್ತಾರೆ. ಮಾರನೆಯ ದಿನ ಪತ್ರಿಕೆಯಲ್ಲಿ ಫೋಟೋ. ಆ ಎಣ್ಣೆ ಚರಂಡಿಯಿಂದ ಮುಂದೆ ಎಲ್ಲಿಗೆ ಹೋಯಿತೆಂದು ಕೇಳುವವರಿಲ್ಲ. ಮಡಿಕೇರಿಯ ಚರಂಡಿಯಾಗಲಿ, ಕುಶಾಲನಗರದ ಚರಂಡಿಯಾಗಲಿ ಕೊನೆಗೆ ಯಾವ ಹೊಳೆಗೆ ಇಳಿಯುತ್ತದೆಂಬುದು ಮೂರನೆಯ ತರಗತಿಯ ಹುಡುಗನಿಗೂ ಗೊತ್ತು. ಅಧಿಕಾರಿಗೆ ಮಾತ್ರ ಗೊತ್ತಿಲ್ಲ.

ಯಾರೂ ತಪ್ಪು ತಿಳಿಯಬೇಡಿ. ಕರ್ರಗಿನ ಎಣ್ಣೆಯ ಪರವಾಗಿ ವಕಾಲತ್ತು ವಹಿಸಲು ಈ ಲೇಖನ ಬರೆಯುತ್ತಿಲ್ಲ. ಆ ಎಣ್ಣೆ ವಿಷವೇ ಸರಿ. ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಚೀಲ ಹೊತ್ತು, ಮರದ ಮಿಲ್ಲಿನಲ್ಲಿ ದಿಮ್ಮಿ ಎಳೆದು, ಸಂಜೆ ಐದಕ್ಕೆ ಹೊಟ್ಟೆ ಹಸಿದು ಹೊರಬರುವ ಕೆಲಸಗಾರ ಮೊದಲು ಕೈ ಚಾಚುವುದು ವಡೆ ಬೋಂಡಕ್ಕೆ. ಆದ್ದರಿಂದ ಆ ವಿಷ ಸೇರುವುದು ನಮ್ಮ ಹೊಟ್ಟೆಗೇ. ವಾರಕ್ಕೊಮ್ಮೆ ಕಾರಿನಲ್ಲಿ ಬಂದು ರುಚಿ ನೋಡಿ ಹೋಗುವವನಿಗೆ ಆಗುವ ಹಾನಿ ಅಷ್ಟರಲ್ಲೇ ಇದೆ.

ಬಾಣಲೆಯಲ್ಲಿ ನಡೆಯುವುದೇನೆಂದು ಸ್ವಲ್ಪ ತಿಳಿದುಕೊಳ್ಳೋಣ. ಹಸಿ ಹಿಟ್ಟಿನ ನೀರು ಕುದಿಯುವ ಎಣ್ಣೆಗೆ ಬಿದ್ದಾಗ ಎಣ್ಣೆಯ ಕೊಬ್ಬು ಒಡೆದು ಆಮ್ಲ ಬಿಡುಗಡೆಯಾಗುತ್ತದೆ. ಮೇಲಿನಿಂದ ಗಾಳಿ ತಗುಲಿ ಎಣ್ಣೆ ಮುಗ್ಗುತ್ತದೆ. ಕೆಳಗಿನ ಬೆಂಕಿಯ ಕಾವಿಗೆ ಒಡೆದ ಚೂರುಗಳು ಒಂದಕ್ಕೊಂದು ಅಂಟಿ ಗೋಂದಾಗುತ್ತವೆ. ಬಾಣಲೆಯ ಅಂಚಿನಲ್ಲಿ ಉಜ್ಜಿದರೂ ಹೋಗದ ಕಂದು ಪಟ್ಟಿ ಕಾಣುತ್ತದಲ್ಲ, ಅದೇ ಇದು. ಹೀಗೆ ಕೆಟ್ಟ ಭಾಗಗಳನ್ನೆಲ್ಲ ಒಟ್ಟುಸೇರಿಸಿ ವಿಜ್ಞಾನಿಗಳು ಧ್ರುವೀಯ ಸಂಯುಕ್ತಗಳೆಂದು ಹೆಸರಿಟ್ಟಿದ್ದಾರೆ. ಇವು ನೂರಕ್ಕೆ 25 ಪಾಲು ಮೀರಿದ ಎಣ್ಣೆಯನ್ನು ಅಡಿಗೆಗೆ ಬಳಸತಕ್ಕದ್ದಲ್ಲವೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ನಿಯಮ ಒಳ್ಳೆಯದೇ. ಬಣ್ಣ ನೋಡಿ ತೀರ್ಪು ಕೊಡಿ ಎಂದು ಅದು ಹೇಳಿಲ್ಲ. ಮೆಣಸಿನಪುಡಿ ಹಚ್ಚಿದ ಮೀನು ಕರಿದರೆ ಒಳ್ಳೆಯ ಎಣ್ಣೆಯೂ ಒಂದೇ ಗಳಿಗೆಯಲ್ಲಿ ಕಪ್ಪಾಗುತ್ತದೆ. ಆಲೂಗಡ್ಡೆ ಕರಿದ ಎಣ್ಣೆ ತೆಳ್ಳಗೆ ಕಂಡರೂ ಒಳಗೆ ಕೆಟ್ಟಿರಬಹುದು. ಅಳೆಯಲು ಎಣ್ಣೆಯಲ್ಲಿ ಅದ್ದುವ ಕೈ ಮೀಟರು ಇದೆ. ಅದರ ಬೆಲೆ ಹತ್ತಾರು ಸಾವಿರ ರೂಪಾಯಿ. ಗಾಡಿಯವನ ಗಾಡಿ, ಒಲೆ, ಬಾಣಲೆ, ಸೌಟು ಎಲ್ಲ ಮಾರಿದರೂ ಅಷ್ಟು ಹಣ ಹುಟ್ಟುವುದಿಲ್ಲ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು, ಯಾರೂ ಹೇಳುವುದಿಲ್ಲವಾದ್ದರಿಂದ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಹೆಚ್ಚು ಕಾವಿನಲ್ಲಿ ಕರಿಯುವಾಗ ಏಳುವ ಹೊಗೆಯನ್ನು ಮನುಷ್ಯನಿಗೆ ಪ್ರಾಯಶಃ ಕ್ಯಾನ್ಸರ್ ತರುವಂಥದ್ದೆಂದು ವರ್ಗೀಕರಿಸಿ 2010ರಲ್ಲಿ ಗ್ರಂಥವನ್ನೇ ಪ್ರಕಟಿಸಿದೆ. ಹಳೆಯ ಎಣ್ಣೆ ಬೇಗ ಹೊಗೆಯಾಡುತ್ತದೆ. ಆ ಹೊಗೆಯನ್ನು ದಿನಕ್ಕೆ ಹತ್ತು ಗಂಟೆ ಕುಡಿಯುವವನು ಬಜ್ಜಿ ಮಾಸ್ತರ. ಗಿರಾಕಿಯ ಹೊಟ್ಟೆಯ ಬಗ್ಗೆ ಇಷ್ಟು ಕಾಳಜಿ ತೋರಿಸುವ ಇಲಾಖೆ ಎಂದಾದರೂ ಅಡಿಗೆಯಾಳಿನ ಎದೆಗೂಡಿನ ವಿಚಾರ ಎತ್ತಿದ್ದುಂಟೇ? ದೊಡ್ಡ ಹೋಟೆಲಿನ ಹಿಂದಿನ ಕೋಣೆಯಲ್ಲಿ, ಕಿಟಕಿಯಿಲ್ಲದ ಕಡೆ, ಇದೇ ಹೊಗೆಯಲ್ಲಿ ನಿಂತ ಹುಡುಗರು ಹೆಚ್ಚಿನವರು ಹೊರ ಊರಿನಿಂದ ಬಂದವರು. ಅವರಿಗೆ ಸಂಘವಿಲ್ಲ, ಕಾಗದವಿಲ್ಲ, ಕೇಳುವವರಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಗಾಡಿಯವನು ಬೆಳಿಗ್ಗೆ 4 ಲೀಟರು ಎಣ್ಣೆ ಸುರಿದನೆಂದು ಇಟ್ಟುಕೊಳ್ಳಿ. ಸಂಜೆಯೊಳಗೆ 300 ವಡೆ ಕರಿದ. ವಡೆಗಳೇ 2 ಲೀಟರು ಹೀರಿದವು. ಬಾಣಲೆಯಲ್ಲಿ 2 ಲೀಟರು ಉಳಿಯಿತು. ಲೀಟರಿಗೆ 150 ರೂಪಾಯಿ ಹಿಡಿದರೂ ಉಳಿದ ಎಣ್ಣೆಯ ಬೆಲೆ 300 ರೂಪಾಯಿ. ದಿನವಿಡೀ ದುಡಿದು ಐದಾರು ನೂರು ಉಳಿಸುವವನಿಗೆ ಇದನ್ನು ಚೆಲ್ಲು ಎಂದರೆ ಅರ್ಧ ದಿನದ ಕೂಲಿಯನ್ನು ಚೆಲ್ಲು ಎಂದಂತೆ. ಅವನು ಚೆಲ್ಲುವುದಿಲ್ಲ. ನಾಳೆ ಅದರ ಮೇಲೆ 2 ಲೀಟರು ಹೊಸದು ಸುರಿಯುತ್ತಾನೆ, ನಾಡಿದ್ದು ಮತ್ತೆ 2 ಲೀಟರು. ಹಳೆಯದು ಹೊಸದನ್ನು ಕೆಡಿಸುತ್ತಾ ಹೋಗುತ್ತದೆ. ಬಾಣಲೆ ಎಂದಿಗೂ ಬರಿದಾಗುವುದಿಲ್ಲ. ಇದು ದುರಾಸೆಯೇ? ದುರಾಸೆಯಾದರೆ ಅವನು ಇಷ್ಟು ಹೊತ್ತಿಗೆ ಎಸ್ಟೇಟು ಕೊಂಡಿರಬೇಕಿತ್ತು!

ಎಣ್ಣೆಯ ಬೆಲೆಯನ್ನಾದರೂ ಅವನು ಏರಿಸಿದನೇ? ಭಾರತ ಉಣ್ಣುವ ಖಾದ್ಯತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಬರುತ್ತದೆ. ತಾಳೆ ಎಣ್ಣೆ ಇಂಡೋನೇಷ್ಯ ಮಲೇಷ್ಯಗಳಿಂದ. 2022ರ ಏಪ್ರಿಲ್ 28ರಂದು ಇಂಡೋನೇಷ್ಯ ರಫ್ತು ನಿಲ್ಲಿಸಿದರೆ ಇಲ್ಲಿ ಗೋಣಿಕೊಪ್ಪದ ಬಾಣಲೆ ನಡುಗಿತು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಕಚ್ಚಾ ಎಣ್ಣೆಯ ಮೇಲೆ ಸೊನ್ನೆಯಿದ್ದ ಮೂಲ ಸುಂಕವನ್ನು ನೂರಕ್ಕೆ 20ಕ್ಕೆ ಏರಿಸಿತು. ಎಣ್ಣೆಬೀಜ ಬೆಳೆಯುವ ರೈತನಿಗೆ ಅನುಕೂಲ ಎಂದರು. 2025ರ ಮೇ ಕೊನೆಯಲ್ಲಿ ಅದನ್ನು 10ಕ್ಕೆ ಇಳಿಸಿತು. ಗ್ರಾಹಕನಿಗೆ ಅನುಕೂಲ ಎಂದರು. ಏರಿದಾಗ ಟಿನ್ನಿನ ಬೆಲೆ ಆ ವಾರವೇ ಏರುತ್ತದೆ. ಇಳಿದಾಗ ಇಳಿಯಲು ತಿಂಗಳುಗಳು ಹಿಡಿಯುತ್ತವೆ. ಎಣ್ಣೆ ತುಟ್ಟಿಯಾದ ಪ್ರತಿ ಸಲವೂ ಬಾಣಲೆಯಲ್ಲಿ ಹಳೆಯ ಎಣ್ಣೆ ಇನ್ನೆರಡು ದಿನ ಹೆಚ್ಚು ಕುದಿಯುತ್ತದೆ. ದೆಹಲಿಯಲ್ಲಿ ಬರೆದ ಸುಂಕದ ಅಂಕಿ ಮಡಿಕೇರಿಯಲ್ಲಿ ಎಣ್ಣೆಯ ಬಣ್ಣವಾಗುವುದು ಹೀಗೆ.

ಇನ್ನೂ ಒಂದು ದಾರಿಯಿದೆ, ಅದು ಹೆಚ್ಚು ನಾಚಿಕೆಗೇಡಿನದು. ದೊಡ್ಡ ಅಡಿಗೆಮನೆಗಳು ಹೆಸರು ಕೆಡದಿರಲೆಂದು ಎಣ್ಣೆಯನ್ನು ಬೇಗ ಬದಲಾಯಿಸುತ್ತವೆ. ಬದಲಾಯಿಸಿದ ಎಣ್ಣೆ ಮಣ್ಣಿಗೆ ಹೋಗುವುದಿಲ್ಲ. ಟಿನ್ನಿನಲ್ಲಿ ಹಿಂಬಾಗಿಲಿನಿಂದ ಹೊರಬಿದ್ದು ಅರ್ಧ ಬೆಲೆಗೆ, ಕಾಲು ಬೆಲೆಗೆ ಸಣ್ಣವರ ಕೈ ಸೇರುತ್ತದೆ. ದೇಶದ ಯಾವ ಪಟ್ಟಣದಲ್ಲಿಯೂ ಇದು ಗುಟ್ಟಲ್ಲ. ಶ್ರೀಮಂತನ ತಟ್ಟೆಗೆ ಮೊದಲ ಕಾವು, ಕೂಲಿಯವನ ತಟ್ಟೆಗೆ ಹತ್ತನೆಯ ಕಾವು. ಜೀಪು ಬಂದಾಗ ಸಿಕ್ಕಿಬೀಳುವುದು ಹತ್ತನೆಯ ಕಾವಿನವನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ಇಂಥ ಆಡಳಿತ ನೋಡಿಯೇ ಹುಟ್ಟಿರಬೇಕು. 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಯ ಬಣ್ಣವನ್ನು ರಾಜ್ಯ ಸರಕಾರ ನಿಷೇಧಿಸಿತು. ಸರಿಯಾದ ಕೆಲಸವೇ. ಆದರೆ ಗಾಡಿಯವರ ಫೋಟೋಗಳನ್ನು ಬೇಕಾದಷ್ಟು ನೋಡಿದ ನೀವು ಆ ಬಣ್ಣವನ್ನು ತಯಾರಿಸಿ ಮೂಟೆಗಟ್ಟಲೆ ಮಾರಿದವನ ಒಂದು ಫೋಟೋ ನೋಡಿದ ನೆನಪಿದೆಯೇ?

ಸರಕಾರದ ಕೈಯಲ್ಲಿ ಯೋಜನೆಯಿಲ್ಲವೆಂದೇನೂ ಅಲ್ಲ. ಯೋಜನೆಗೆ ನಮ್ಮಲ್ಲಿ ಎಂದು ಕೊರತೆಯಾಗಿತ್ತು? 2018ರ ಆಗಸ್ಟ್ 10ರಂದು ‘ರೂಕೋ’ ಎಂಬ ಹೆಸರಿನಲ್ಲಿ, ಕರಿದ ಎಣ್ಣೆಯನ್ನು ಅಡಿಗೆಮನೆಯಿಂದ ಸಂಗ್ರಹಿಸಿ ಜೈವಿಕ ಡೀಸೆಲಾಗಿ ಪರಿವರ್ತಿಸುವ ಕಾರ್ಯಕ್ರಮವನ್ನು ಪ್ರಾಧಿಕಾರ ಆರಂಭಿಸಿತು. ಅದಾದ ಒಂದೇ ವಾರಕ್ಕೆ ಕೊಡಗಿನ ಗುಡ್ಡಗಳು ಜಾರಿ ಮನೆ ತೋಟಗಳು ಕೊಚ್ಚಿಹೋದವು. ಆ ತಿಂಗಳು ನಮಗೆ ಎಣ್ಣೆಯ ಚಿಂತೆಯಿರಲಿಲ್ಲ ಎಂಬುದು ನಿಜ. ಆದರೆ ಆಮೇಲೆ ಎಷ್ಟು ವರ್ಷ ಕಳೆಯಿತು? 2022ರ ಹೊತ್ತಿಗೆ ದೇಶದಲ್ಲಿ 220 ಕೋಟಿ ಲೀಟರು ಎಣ್ಣೆ ಹೀಗೆ ಸಂಗ್ರಹಿಸಬಹುದೆಂದು ಆಗ ಹೇಳಿದ್ದರು. 2019ರ ಆಗಸ್ಟಿನಲ್ಲಿ ಸರಕಾರಿ ತೈಲ ಕಂಪನಿಗಳು ಇಂಥ ಡೀಸೆಲನ್ನು ಮೊದಲ ವರ್ಷ ಲೀಟರಿಗೆ 51 ರೂಪಾಯಿಯಂತೆ ಕೊಳ್ಳುವುದಾಗಿ ಕರೆ ಕೊಟ್ಟವು. ಆರಂಭ 100 ನಗರಗಳಲ್ಲಿ ಎಂದವು. ನಗರಗಳು! ಘಟ್ಟದ ಊರು, ಸಂತೆಯ ಊರು, ರೈಲೇ ಇಲ್ಲದ ಜಿಲ್ಲೆ ಇವುಗಳ ಬಾಣಲೆಯಲ್ಲಿ ಎಣ್ಣೆಯಿರುವುದಿಲ್ಲವೇನೋ!

ಲೆಕ್ಕ ಬರೆಯುವ ನಿಯಮವನ್ನು ನೋಡಿ. ಕರಿಯಲು ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಎಷ್ಟು ಬಳಸಿದೆವು, ಉಳಿದದ್ದನ್ನು ಯಾರಿಗೆ ಕೊಟ್ಟೆವು ಎಂದು ಬರೆದಿಡಬೇಕೆಂದು 2019ರ ಮಾರ್ಚ್ 1ರಿಂದ ಕಟ್ಟು ಮಾಡಿದರು. ಸಣ್ಣವನಿಗೆ ಕಾಗದದ ಹೊರೆ ಬೇಡವೆಂದು ಬಿಟ್ಟಿರುವುದು ಉಪಕಾರವೆಂದೇ ತೋರುತ್ತದೆ. ಫಲ ಏನಾಯಿತು? 50 ಲೀಟರು ದಾಟುವ ಅಡಿಗೆಮನೆ ಈ ಜಿಲ್ಲೆಯಲ್ಲಿ ಬೆರಳೆಣಿಕೆಯಷ್ಟು ಇದ್ದೀತು. ಉಳಿದ ಹೋಂಸ್ಟೇಗಳು, ಢಾಬಾಗಳು, ದುಬಾರೆ ನಿಸರ್ಗಧಾಮಗಳ ದಾರಿಯ ಅಂಗಡಿಗಳು, ಮದುವೆ ಮಂಟಪಗಳು ಇವೆಲ್ಲ ಲೆಕ್ಕದ ಹೊರಗೆ. ಹನಿ ಹನಿಯಾಗಿ ಕೂಡಿ ಕೆರೆಯಾಗುವಷ್ಟು ಎಣ್ಣೆ ಯಾವ ಪುಸ್ತಕದಲ್ಲಿಯೂ ಇಲ್ಲ. ಪುಸ್ತಕದಲ್ಲಿ ಇಲ್ಲದ್ದು ಚರಂಡಿಯಲ್ಲಿದೆ, ಇಲ್ಲವೇ ನಮ್ಮ ಹೊಟ್ಟೆಯಲ್ಲಿದೆ. ಚರಂಡಿಗೆ ಬಿದ್ದದ್ದು ತಣ್ಣಗಾಗಿ ಕೊಳವೆಯ ಗೋಡೆಗೆ ಜಿಡ್ಡಾಗಿ ಕಟ್ಟುತ್ತದೆ. ಮಳೆಗಾಲದಲ್ಲಿ ಮೋರಿ ಉಕ್ಕಿದಾಗ ಅದರೊಳಗೆ ಇಳಿಯುವವನು ಪೌರಕಾರ್ಮಿಕ. ಹೊಳೆಗೆ ತಲುಪಿದ್ದು ನೀರಿನ ಮೇಲೆ ಪೊರೆಯಾಗಿ ಹರಡಿ ಗಾಳಿಯನ್ನು ಒಳಗೆ ಬಿಡದೆ ಮೀನನ್ನು ಉಸಿರುಗಟ್ಟಿಸುತ್ತದೆ. ಇದೇ ಕಾವೇರಿಯಿಂದ 5ನೆಯ ಹಂತದಲ್ಲಿ ದಿನಕ್ಕೆ 77.5 ಕೋಟಿ ಲೀಟರು ಹೆಚ್ಚು ನೀರೆತ್ತುವ ಏರ್ಪಾಡನ್ನು 2024ರ ಅಕ್ಟೋಬರಿನಲ್ಲಿ ಬೆಂಗಳೂರು ಮಾಡಿಕೊಂಡಿತು. ತಲೆಕಾವೇರಿಯಲ್ಲಿ ತೀರ್ಥೋದ್ಭವಕ್ಕೆ ಬಂದು ಕೈಮುಗಿಯುವ ಮಂತ್ರಿಗಳು ಕೆಳಗಿನ ಪೇಟೆಗಳ ಜಿಡ್ಡಿಗೆ ಒಂದು ಪೀಪಾಯಿ ಇಡಿಸಬಾರದೇ?

ಈಗ ಹೊಸ ಸುದ್ದಿಯೊಂದಿದೆ. ಕರಿದ ಎಣ್ಣೆಗೆ ರೆಕ್ಕೆ ಬಂದಿದೆ. ವಿಮಾನದ ಇಂಧನದಲ್ಲಿ ಇಂಥ ಎಣ್ಣೆಯಿಂದ ಮಾಡಿದ್ದನ್ನು ಬೆರೆಸಬಹುದು. ಅಂತಾರಾಷ್ಟ್ರೀಯ ವಿಮಾನಗಳಿಗೆ 2027ರಲ್ಲಿ ನೂರಕ್ಕೆ 1, 2028ರಲ್ಲಿ 2, 2030ರಲ್ಲಿ 5 ಪಾಲು ಎಂದು ಕೇಂದ್ರ ಗುರಿ ಇಟ್ಟಿದೆ. 2025ರ ಆಗಸ್ಟಿನಲ್ಲಿ ಇಂಡಿಯನ್ ಆಯಿಲ್ ಕಂಪನಿಯ ಪಾಣಿಪತ್ ಸಂಸ್ಕರಣಾಗಾರಕ್ಕೆ ಇದಕ್ಕೆ ಬೇಕಾದ ಪ್ರಮಾಣಪತ್ರವೂ ಸಿಕ್ಕಿತು. ಸಂತೋಷ. ಬೇಡಿಕೆ ಬಂದರೆ ಬೆಲೆ ಬರುತ್ತದೆ. ಆದರೆ ಬೆಲೆ ಯಾರಿಗೆ ಬರುತ್ತದೆಂಬುದೇ ಪ್ರಶ್ನೆ. ಸಂಗ್ರಹಿಸುವ ಕಂಟ್ರಾಕ್ಟುದಾರ ಒಂದೇ ಕಡೆ ಹತ್ತು ಟಿನ್ನು ಸಿಗುವ ದೊಡ್ಡ ಹೋಟೆಲಿಗೆ ಲಾರಿ ಕಳಿಸುತ್ತಾನೆ; ಎರಡು ಲೀಟರಿಗಾಗಿ ಗಾಡಿಯ ಮುಂದೆ ನಿಲ್ಲಿಸುವುದಿಲ್ಲ. ಹಾಗಾಗಿ ಶ್ರೀಮಂತನ ಕೊಳೆಯೂ ಹಣವಾಗುತ್ತದೆ, ಬಡವನ ಕೊಳೆ ಅಪರಾಧವಾಗುತ್ತದೆ.

ಇದು ಆಗದ ಕೆಲಸವೇ? ಆಗದೆ ಏನು! ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬಾಣಲೆಯಲ್ಲಿ ಉಳಿದ ಕೊಬ್ಬನ್ನು ಚೆಲ್ಲಬೇಡಿ ಎಂದು ಅಮೆರಿಕದ ಸರಕಾರ ಮನೆಮನೆಯ ಹೆಂಗಸರಿಗೆ ಕರೆ ಕೊಟ್ಟಿತು. ಡಬ್ಬದಲ್ಲಿ ಸೋಸಿ ತುಂಬಿ ಮಾಂಸದಂಗಡಿಗೆ ಕೊಟ್ಟರೆ ಪೌಂಡಿಗೆ 4 ಸೆಂಟು. ಮುಂದೆ ದುಡ್ಡಿನ ಜೊತೆಗೆ ರೇಷನ್ ಅಂಕಗಳನ್ನೂ ಕೊಟ್ಟರು. ಯಾಕೆ ಇಷ್ಟು ಪ್ರೀತಿ? ಆ ಕೊಬ್ಬಿನಿಂದ ಗ್ಲಿಸರಿನ್, ಗ್ಲಿಸರಿನ್‌ನಿಂದ ಸಿಡಿಮದ್ದು. ಬಾಂಬು ಮಾಡಬೇಕಾದಾಗ ಚಮಚೆ ಚಮಚೆ ಕೊಬ್ಬನ್ನೂ ಕೂಡಿಸಲು ಸಾಧ್ಯವಾಗುತ್ತದೆ. ಕೂಲಿಯವನ ಹೊಟ್ಟೆ ಕಾಯಬೇಕಾದಾಗ ಮಾತ್ರ ‘ಕಾರ್ಯಸಾಧ್ಯವಲ್ಲ’ ಎಂಬ ಟಿಪ್ಪಣಿ ಬರುತ್ತದೆ. ಜಪಾನಿನ ಕ್ಯೋಟೋ ನಗರದಲ್ಲಿ 1997ರಿಂದಲೇ ಮನೆಗಳ ಕರಿದ ಎಣ್ಣೆ ಕೂಡಿಸಿ ಕಸದ ಲಾರಿಗಳನ್ನು ಓಡಿಸಿದ್ದಾರೆ. ದೂರ ಹೋಗುವುದೇಕೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸರು 1990ರ ದಶಕದ ಕೊನೆಯಲ್ಲಿ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದಲೇ ಜನರೇಟರು ಓಡಿಸಿ ಹೊಲಕ್ಕೆ ನೀರು ಎತ್ತಿಸಿ ತೋರಿಸಿದರು. ಡೀಸೆಲ್ ಎಂಜಿನ್ನೇ 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಕಡಲೆಕಾಯಿ ಎಣ್ಣೆಯಿಂದ ಓಡಿತ್ತು.

ಕೆಲಸದ ವಿಧಾನವೂ ಗುಡಾಣದೊಳಗಿನ ರಹಸ್ಯವಲ್ಲ. ಎಣ್ಣೆಯನ್ನು ಸೋಸಿ ನೀರು ತೆಗೆದು, ಹೆಚ್ಚಿನ ಆಮ್ಲವನ್ನು ಕಳೆದು, ಕಾಸ್ಟಿಕ್ ಬೆರೆಸಿದ ಮೆಥನಾಲ್ ಕೂಡಿಸಿ ಬಿಸಿಮಾಡಿ ಕಲಕಿದರೆ ಮೇಲೆ ಡೀಸೆಲು, ಕೆಳಗೆ ಗ್ಲಿಸರಿನ್ ಬೇರೆಯಾಗಿ ನಿಲ್ಲುತ್ತವೆ. ಸ್ಥೂಲವಾಗಿ 100 ಕಿಲೋ ಎಣ್ಣೆಗೆ 10 ಕಿಲೋ ಮೆಥನಾಲ್. ಸಿಗುವುದು ಸುಮಾರು 100 ಕಿಲೋ ಡೀಸೆಲು, 10 ಕಿಲೋ ಗ್ಲಿಸರಿನ್. ಇದನ್ನು ಓದಿ ಯಾರೂ ಮನೆಯ ಹಿತ್ತಲಲ್ಲಿ ಪ್ರಯೋಗಕ್ಕೆ ಇಳಿಯಬೇಡಿ. ಮೆಥನಾಲ್ ಕುಡಿದರೆ ಕಣ್ಣು ಹೋಗುತ್ತದೆ, ಪ್ರಾಣವೂ ಹೋಗುತ್ತದೆ, ಬೆಂಕಿಯೂ ಬೇಗ ಹತ್ತುತ್ತದೆ. ಸೋಸಿದ ಎಣ್ಣೆಯನ್ನು ನೇರವಾಗಿ ಟ್ರಾಕ್ಟರಿಗೆ ಸುರಿಯುವ ಜಾಣರೂ ಇದ್ದಾರೆ. ಎಂಜಿನ್ನು ಜಿಡ್ಡುಗಟ್ಟಿದ ಮೇಲೆ ಮೆಕ್ಯಾನಿಕ್ಕಿಗೆ ಲಾಭ. ಬಟ್ಟೆ ತೊಳೆಯುವ ಸಾಬೂನು ಮಾಡಬಹುದು, ಅದು ಹಳೆಯ ವಿದ್ಯೆ. ಆದರೆ ಕಾಸ್ಟಿಕ್ ಸೋಡದ ತೂಕ ಬಲ್ಲವರು ಮಾಡಬೇಕು. ಕಾಸ್ಟಿಕ್ ಹೆಚ್ಚಾದರೆ ಕೈ ಸುಡುತ್ತದೆ.

ಹಾಗಾದರೆ ಬೇಕಾದದ್ದೇನು? ಸಂತೆಮಾಳದಲ್ಲಿ, ಬಸ್ಸು ನಿಲ್ದಾಣದ ಬಳಿ ಬೀಗ ಹಾಕಿದ ಪೀಪಾಯಿ. ಪಕ್ಕದಲ್ಲಿ ಲೀಟರಿಗೆ ಇಂದಿನ ಬೆಲೆ ಇಷ್ಟೆಂದು ಬರೆದ ಹಲಗೆ. ನಗರಸಭೆಯಲ್ಲೊಂದು, ಪ್ರತಿ ಪೇಟೆಯಲ್ಲೊಂದು ಮೀಟರು, ಯಾರು ಬಂದರೂ ಪುಕ್ಕಟೆ ಅಳೆದುಕೊಡಲು. ದಂಡ ಹಾಕಲು ಮಾತ್ರ ಹೊರತೆಗೆಯುವುದಕ್ಕಲ್ಲ. ಜಿಲ್ಲೆಯಲ್ಲಿ ರಿಸಾರ್ಟುಗಳ ಎಣ್ಣೆ ಒಯ್ಯುವ ಕಂಟ್ರಾಕ್ಟು ಯಾರಿಗೆ ಕೊಟ್ಟರೂ, ಗಾಡಿಗಳ ಎಣ್ಣೆಯನ್ನು ಅದೇ ದರಕ್ಕೆ ಒಯ್ಯಬೇಕೆಂಬ ಷರತ್ತು ಅದರಲ್ಲಿರಬೇಕು. ಈ ಒಂದು ಷರತ್ತಿಲ್ಲದಿದ್ದರೆ ಉಳಿದ ಮಾತೆಲ್ಲ ಗಾಳಿಗೆ ತೂರಿದಂತೆ. ಚಟ್ಟಿ ಚಟ್ಟಿಯಾಗಿ ಸಿಗುವ ಜೇನನ್ನು ಕೂಡಿಸಿ ಮಾರಲು 1936ರಲ್ಲೇ ವಿರಾಜಪೇಟೆಯಲ್ಲಿ ಸಹಕಾರ ಸಂಘ ಕಟ್ಟಿದ ಜಿಲ್ಲೆ ಇದು. ಜೇನಿಗೆ ಕೂಡಿದ ಕೈ ಎಣ್ಣೆಗೆ ಕೂಡದೇ? ಗಾಡಿಯವರೂ ಸಣ್ಣ ಹೋಟೆಲಿನವರೂ ಒಂದು ಸಂಘವಾದರೆ ವಾರಕ್ಕೊಮ್ಮೆ ಪೀಪಾಯಿ ತುಂಬುತ್ತದೆ. ಪೀಪಾಯಿ ತುಂಬಿದರೆ ಲಾರಿ ತಾನಾಗಿ ಬರುತ್ತದೆ.

ಲೆಕ್ಕವನ್ನು ಮತ್ತೊಮ್ಮೆ ನೋಡೋಣ, ಯಾಕೆಂದರೆ ಪೀಪಾಯಿಯಿಂದಲೇ ಎಲ್ಲ ತೀರುವುದಿಲ್ಲ. 2 ಲೀಟರು ಹಳೆಯ ಎಣ್ಣೆಗೆ ಲೀಟರಿಗೆ 40ರಂತೆ 80 ರೂಪಾಯಿ ಸಿಕ್ಕಿತೆನ್ನಿ. 300ರಲ್ಲಿ 80 ಕಳೆದರೆ 220 ರೂಪಾಯಿ ಇನ್ನೂ ನಷ್ಟ. 300 ವಡೆಗೆ ಹಂಚಿದರೆ ವಡೆಗೆ ಸುಮಾರು 73 ಪೈಸೆ. ಇದನ್ನು ಯಾರು ಹೊರಬೇಕು? ಅರ್ಧವನ್ನು ಸರಕಾರ ಹೊರಲಿ: ಹಳೆಯ ಎಣ್ಣೆ ತಂದುಕೊಟ್ಟವನಿಗೆ ಹೊಸ ಎಣ್ಣೆಯನ್ನು ರಿಯಾಯಿತಿಯಲ್ಲಿ ಕೊಡಲಿ. 2015ರ ಮೇ ತಿಂಗಳಿಂದ ಅನ್ನಭಾಗ್ಯದಲ್ಲಿ ತಾಳೆ ಎಣ್ಣೆಯನ್ನು ಲೀಟರಿಗೆ 25 ರೂಪಾಯಿಯಂತೆ ಕೊಡಲು ಆಯಿತಲ್ಲ. ಅದು ಆಮೇಲೆ ನಿಂತದ್ದು ಬೇರೆ ಮಾತು. 2025ರ ಅಕ್ಟೋಬರಿನಲ್ಲಿ ರಾಜ್ಯದ ಸಚಿವ ಸಂಪುಟ ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಚೀಲ ಕೊಡಲು ತೀರ್ಮಾನಿಸಿತು. ಎಣ್ಣೆ ಹಂಚುವುದು ಬಲ್ಲವರಿಗೆ ಹಿಂದಕ್ಕೆ ತೆಗೆದುಕೊಳ್ಳುವುದು ಬರದೇ? ಉಳಿದರ್ಧ ನಮ್ಮ ಮೇಲಿದೆ, ಗಿರಣಿಯ ಸಂಗಾತಿಗಳೇ. ಎಣ್ಣೆ ಟಿನ್ನಿನ ಬೆಲೆ ಏರಿದ ದಿನವೂ ವಡೆಗೆ ಹಳೆಯ ಬೆಲೆಯೇ ಇರಬೇಕೆಂದು ಗಾಡಿಯ ಮುಂದೆ ಜಗಳ ತೆಗೆಯುವವರು ನಾವೇ. ಸಂಬಳ ಏರದೆ ವಡೆಯ ಬೆಲೆ ಏರಬಾರದೆಂಬ ನಮ್ಮ ಹಟ ನ್ಯಾಯವಾದದ್ದು. ಆದರೆ ಆ ಜಗಳವನ್ನು ತೆಗೆಯಬೇಕಾದ್ದು ಸಂಬಳ ಕೊಡುವವನ ಬಾಗಿಲಲ್ಲಿ. ಗಾಡಿಯವನ ಹತ್ತಿರ ಗೆದ್ದ ಅರ್ಧ ರೂಪಾಯಿ ಬಾಣಲೆಯ ಮೂಲಕ ನಮ್ಮ ರಕ್ತನಾಳಕ್ಕೇ ಬಂದು ಸೇರುತ್ತದೆ.

ಸಣ್ಣ ವ್ಯಾಪಾರಿಗಳಿಗೂ ಒಂದು ಮಾತು. ‘ಎಲ್ಲರೂ ಮಾಡುತ್ತಾರೆ’ ಎಂಬ ಸಮಾಧಾನ ಸಾಕು. ಮೂರು ಸಲಕ್ಕಿಂತ ಹೆಚ್ಚು ಕಾಯಿಸಿದ್ದನ್ನು ಬಾಣಲೆಗೆ ಮತ್ತೆ ಹಾಕಬೇಡಿ. ಹೊಗೆ ಬೇಗ ಎದ್ದರೆ, ನೊರೆ ಇಳಿಯದಿದ್ದರೆ ಅದು ಮುಗಿದ ಎಣ್ಣೆ. ಹಿಂಬಾಗಿಲಿನ ಟಿನ್ನನ್ನು, ಅದು ಎಷ್ಟೇ ಅಗ್ಗವಾಗಿರಲಿ, ಮುಟ್ಟಬೇಡಿ. ದೊಡ್ಡವರ ಪಾಪವನ್ನು ದುಡ್ಡು ಕೊಟ್ಟು ಕೊಳ್ಳುವ ಗತಿ ನಿಮಗೇಕೆ?

ಬೀದಿಬದಿ ವ್ಯಾಪಾರಿಗಳಿಗಾಗಿ 2014ರಲ್ಲಿ ಕಾನೂನು ಬಂದಿದೆ. ಅದರ ಪ್ರಕಾರ ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ನಿಮ್ಮ ಪ್ರತಿನಿಧಿಗಳಿಗೆ ಸ್ಥಾನವಿದೆ. ಮುಂದಿನ ಸಭೆಯಲ್ಲಿ ಬರವಣಿಗೆಯಲ್ಲಿ ಕೇಳಿ: ಈ ಊರಿನಲ್ಲಿ ಕಳೆದ ವರ್ಷ ಎಷ್ಟು ಲೀಟರು ಕರಿದ ಎಣ್ಣೆ ಸಂಗ್ರಹವಾಯಿತು? ಯಾರಿಂದ, ಯಾವ ದರಕ್ಕೆ, ಎಲ್ಲಿಗೆ ಹೋಯಿತು? ರಿಸಾರ್ಟುಗಳ ಅಡಿಗೆಮನೆಯಲ್ಲಿ ಎಷ್ಟು ಸಲ ಮೀಟರು ಅದ್ದಿದಿರಿ, ಗಾಡಿಗಳಲ್ಲಿ ಎಷ್ಟು ಸಲ? ಉತ್ತರ ಬರುವ ತನಕ ಉಳಿದ ಎಣ್ಣೆಯನ್ನು ತಣಿಸಿ, ಬಟ್ಟೆಯಲ್ಲಿ ಸೋಸಿ, ಮುಚ್ಚಳದ ಕ್ಯಾನಿನಲ್ಲಿ ತುಂಬಿಡಿ. ಕ್ಯಾನಿನ ಮೇಲೆ ತಾರೀಖು ಮತ್ತು ಲೀಟರು ಬರೆಯಿರಿ. ಜೀಪು ಬಂದ ದಿನ ಅದನ್ನು ಚರಂಡಿಗೆ ಸುರಿಯಲು ಬಿಡಬೇಡಿ. ಕ್ಯಾನನ್ನು ಅಧಿಕಾರಿಯ ಕೈಗೆ ಕೊಟ್ಟು ರಸೀತಿ ಕೇಳಿ.